ಟರಾಂಟುಲಾ ಮನೆ ಬದಲಿಸುವಾಗ

ಬಳ್ಳಾರಿಯ ಗಡಿ ದಾಟಿದರೆ ಸಿಗುವ ಅನಂತಪುರ ಜಿಲ್ಲೆಯ ಗುತ್ತಿ, ಕೋಟೆಗೂ ರೈಲಿಗೂ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ರೈಲ್ವೆ ಕಟ್ಟಿಗೆ ಡಿಪೊದಲ್ಲಿ ಲೋಹದ ಹೊಳಪಿನ ನೀಲಿ ಟರಾಂಟುಲಾ ಜೇಡವೊಂದು ಸಿಕ್ಕಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಆರ್. ಐ. ಪೋಕಾಕ್ 1899ರಲ್ಲಿ ಅದಕ್ಕೆ ಪೀಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುಳಿವೇ ಇಲ್ಲ. 2001ರಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದು ಗುತ್ತಿಯಲ್ಲಲ್ಲ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಪೂರ್ವಘಟ್ಟದ ಕಾಡಿನಲ್ಲಿ. ಪೋಕಾಕ್ ಕಂಡ ಜೇಡ ಮರದ ದಿಮ್ಮಿಯ ಸಂದಿನಲ್ಲಿ ಕೂತು ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಎಂದು ತಜ್ಞರು ತೀರ್ಮಾನಿಸಿದ್ದಾರೆ. ಇಂದು ಆ ಜೇಡ ಅಳಿವಿನ ಅಂಚಿನಲ್ಲಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅದಕ್ಕಿರುವುದು 'ತೀವ್ರ ಅಪಾಯದಲ್ಲಿರುವ ಜೀವಿ' ಎಂಬ ಸ್ಥಾನ.

ಮನುಷ್ಯ ಟರಾಂಟುಲಾಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುವುದು ಅಂದಿಗೆ ನಿಲ್ಲಲಿಲ್ಲ. 2021ರ ಜುಲೈನಲ್ಲಿ ಚೆನ್ನೈನ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಅಂಚೆಯಲ್ಲಿ ಬಂದ ಒಂದು ಪಾರ್ಸೆಲ್ ಬಿಚ್ಚಿದರು. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಸೀಸೆಗಳು. ಪ್ರತಿ ಸೀಸೆಗೂ ಹತ್ತಿ, ಬೆಳ್ಳಿಬಣ್ಣದ ಹಾಳೆ ಸುತ್ತಿತ್ತು. ಅವುಗಳಲ್ಲಿ 107 ಜೀವಂತ ಜೇಡಗಳು. ಆಮದಿನ ಪರವಾನಗಿಯಿಲ್ಲ, ಆರೋಗ್ಯ ಪ್ರಮಾಣಪತ್ರವಿಲ್ಲ. ಜೇಡಗಳು ಬಂದ ದೇಶಕ್ಕೇ ವಾಪಸಾದವು. 2023ರ ಆಗಸ್ಟಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರೊಬ್ಬರ ಪೆಟ್ಟಿಗೆಗಳಲ್ಲಿ 234 ಪ್ರಾಣಿಗಳು ಸಿಕ್ಕವು. ಅವುಗಳೊಳಗಿದ್ದ ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು.

ಪ್ರಾಣಿಯ ಮೈ ಏನು ಕೇಳುತ್ತದೆ ಎಂದು ನೋಡದೆ ಸಾಗಿಸಿದರೆ ಹೀಗಾಗುತ್ತದೆ. ದೇಶ ದಾಟಿಸುವಾಗ ಈ ಮಾತು ಎಷ್ಟು ನಿಜವೋ, ಒಂದೇ ಕೋಣೆಯಲ್ಲಿ ಒಂದು ಪೆಟ್ಟಿಗೆಯಿಂದ ಪಕ್ಕದ ಪೆಟ್ಟಿಗೆಗೆ ದಾಟಿಸುವಾಗಲೂ ಅಷ್ಟೇ ನಿಜ. ಸಾಕಿದ ಟರಾಂಟುಲಾ ಪೆಟ್ಟಾಗಿ ಸಾಯುವ, ಕೈತಪ್ಪಿ ಓಡುವ, ಸಾಕುವವರ ಕಣ್ಣಿಗೆ ಕೈಗೆ ತೊಂದರೆ ಮಾಡುವ ಸಂಭವ ಹೆಚ್ಚಿರುವುದು ಈ ಹೊತ್ತಿನಲ್ಲೇ.

ಹನ್ನೊಂದು ತಿಂಗಳ ಕರಾರು, ಇಪ್ಪತ್ತು ವರ್ಷದ ಆಯಸ್ಸು

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಒಂದು ಕಡೆ ವಾಸ್ತುಶಿಲ್ಪಿ ಬಿ. ವಿ. ದೋಶಿ ವಿನ್ಯಾಸದ ಐಐಎಂ ಕಲ್ಲುಕಟ್ಟಡ. ಇನ್ನೊಂದು ಕಡೆ ಮೆಟ್ರೋ ಕಂಬಗಳು, ಅವುಗಳ ಹಿಂದೆ ಒತ್ತೊತ್ತಾಗಿ ಎದ್ದ ಅಪಾರ್ಟ್‌ಮೆಂಟುಗಳು, ಪಿಜಿಗಳು, ಬಾಡಿಗೆ ಮನೆಗಳು. ಕೆಲಸಕ್ಕೋ ಓದಿಗೋ ಬಂದವರು ಹನ್ನೊಂದು ತಿಂಗಳ ಕರಾರು ಬರೆದುಕೊಂಡು ಇಲ್ಲಿರುತ್ತಾರೆ. ನಾಯಿ ಇಟ್ಟುಕೊಳ್ಳಲು ಮನೆ ಮಾಲೀಕರು ಒಪ್ಪದ ಕಡೆ ಮೀನು, ಆಮೆ, ಹಲ್ಲಿ, ಜೇಡ ಸಾಕುವ ಹುಕಿ ಹುಟ್ಟುವುದು ಸಹಜ. ಜೇಡ ಬೊಗಳುವುದಿಲ್ಲ, ವಾಸನೆಯಿಲ್ಲ, ವಾರಕ್ಕೊಂದೆರಡು ಹುಳು ತಿಂದರೆ ಸಾಕು.

ಆದರೆ ಆಯಸ್ಸಿನ ಲೆಕ್ಕ ಬೇರೆ. ಅನೇಕ ಜಾತಿಯ ಹೆಣ್ಣು ಟರಾಂಟುಲಾಗಳು ಹದಿನೈದು ಇಪ್ಪತ್ತು ವರ್ಷ ಬದುಕುತ್ತವೆ. ಗಂಡುಗಳಿಗೆ ಅಷ್ಟು ಆಯಸ್ಸಿಲ್ಲ. ಇವುಗಳದೇ ದೊಡ್ಡ ಬಳಗಕ್ಕೆ ಸೇರಿದ, ಬಿಲಕ್ಕೆ ಮುಚ್ಚಳ ಕಟ್ಟಿಕೊಂಡು ಬದುಕುವ ಹೆಣ್ಣು ಜೇಡವೊಂದನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ ದಶಕಗಟ್ಟಲೆ ಗಮನಿಸಿದರು. 'ನಂಬರ್ 16' ಎಂದು ಹೆಸರಾದ ಆ ಜೇಡ 43 ವರ್ಷ ಬಾಳಿತು, ಅದೂ ಒಂದೇ ಬಿಲದಲ್ಲಿ. ಬಾಡಿಗೆ ಮನೆಯ ಗಾಜಿನ ಪೆಟ್ಟಿಗೆಯಲ್ಲಿರುವ ಜೇಡಕ್ಕೆ ಆ ಭಾಗ್ಯವಿಲ್ಲ. ಮರಿಯಿದ್ದಾಗ ಒಂದು ಡಬ್ಬಿ, ಬೆಳೆದಾಗ ಇನ್ನೊಂದು, ದೊಡ್ಡದಾದಾಗ ಮತ್ತೊಂದು. ನಡುವೆ ಬೂಷ್ಟು ಹಿಡಿಯಿತೆಂದೋ ನುಸಿ ಬಂತೆಂದೋ ಒಮ್ಮೆ, ಮನೆಯವರೇ ಬಿಳೇಕಹಳ್ಳಿಯಿಂದ ಜೆ. ಪಿ. ನಗರಕ್ಕೋ ಬನಶಂಕರಿಗೋ ಹೊರಟಾಗ ಇನ್ನೊಮ್ಮೆ. ಹೀಗೆ ಬಾಳಿನುದ್ದಕ್ಕೂ ಅದು ಹಲವು ಸಲ ಜಾಗ ಬದಲಿಸಲೇಬೇಕಾಗುತ್ತದೆ. ಪ್ರತಿ ಸಲವೂ ಅದಕ್ಕೆ ಅಪಾಯವಿದೆ. ಆ ಅಪಾಯ ಎಲ್ಲಿದೆ ಎಂದು ತಿಳಿಯಲು ಅದರ ಅಂಗರಚನೆಯನ್ನೇ ನೋಡಬೇಕು.

ಒತ್ತಡದ ಮೇಲೆ ನಿಂತ ಮೈ

ಟರಾಂಟುಲಾದ ಮೈ ಎರಡು ಭಾಗ. ಕಣ್ಣು, ಬಾಯಿ, ಕಾಲುಗಳಿರುವ ಮುಂಭಾಗಕ್ಕೆ ಗಟ್ಟಿ ಚಿಪ್ಪಿನ ಹೊದಿಕೆಯಿದೆ. ಹಿಂದಿನ ಹೊಟ್ಟೆಗೆ ಅಂಥ ರಕ್ಷಣೆಯಿಲ್ಲ. ಅಲ್ಲಿರುವುದು ತೆಳುವಾದ, ಹಿಗ್ಗುವ ಚರ್ಮ. ಉದ್ದನೆಯ ಕೊಳವೆಯಂಥ ಹೃದಯ, ಉಸಿರಾಡುವ ನಾಲ್ಕು ಪುಸ್ತಕ ಶ್ವಾಸಕೋಶಗಳು, ರೇಷ್ಮೆ ನೂಲುವ ಗ್ರಂಥಿಗಳು ಎಲ್ಲವೂ ಇರುವುದು ಈ ಮೆತ್ತನೆಯ ಚೀಲದಲ್ಲಿ. ಒಂದಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದರೂ ಅದು ಒಡೆಯಬಹುದು. ಒಡೆದರೆ ಜೇಡ ಉಳಿಯುವುದು ಕಷ್ಟ.

ಉಳಿಯದಿರಲು ರಕ್ತ ಸೋರುವುದಷ್ಟೇ ಕಾರಣವಲ್ಲ. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಕಾಲನ್ನು ಮಡಿಸುವ ಸ್ನಾಯುವಿದೆ, ಚಾಚುವ ಸ್ನಾಯುವಿಲ್ಲ. ಮುಂಭಾಗದ ಸ್ನಾಯುಗಳು ಬಿಗಿದು ಮೈಯೊಳಗಿನ ದ್ರವವನ್ನು ಕಾಲಿಗೆ ಒತ್ತಿದಾಗ ಕಾಲು ಚಾಚಿಕೊಳ್ಳುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ ದಿನವಿಡೀ ಮಣ್ಣು ಬಗೆಯುವ ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ನೀಳುವುದೂ ಇದೇ ತತ್ವದಲ್ಲಿ. ಜೆಸಿಬಿಯ ಕೊಳವೆ ಸೋರಿದರೆ ತೋಳು ನಿಲ್ಲುತ್ತದೆ. ಜೇಡದ ಮೈ ಸೋರಿದರೆ ಎಂಟೂ ಕಾಲು ಒಳಗೆ ಮಡಚಿಕೊಳ್ಳುತ್ತವೆ. ಸತ್ತ ಜೇಡಗಳು ಕಾಲು ಮುದುರಿಕೊಂಡು ಬಿದ್ದಿರುವುದಕ್ಕೆ ಕಾರಣ ಇದು.

ಜೇಡ ದಾಟಿಸುವವರಿಗೆ ಈ ಒತ್ತಡದ ವ್ಯವಸ್ಥೆ ಇನ್ನೂ ಎರಡು ವಿಷಯ ಕಲಿಸುತ್ತದೆ. ಓಡುವಾಗ ಮುಂಭಾಗದ ಒತ್ತಡ ಏರಿ, ಹೊಟ್ಟೆಯಿಂದ ಅಲ್ಲಿಗೆ ಹರಿಯುವ ರಕ್ತಕ್ಕೆ ಅಡ್ಡಿಯಾಗುತ್ತದೆ. ಹಾಗಾಗಿ ಟರಾಂಟುಲಾ ಮಿಂಚಿನಂತೆ ಓಡಿದರೂ ಬೇಗ ದಣಿದು ನಿಲ್ಲುತ್ತದೆ. ಅಟ್ಟಿಸಿಕೊಂಡು ಹೋಗುವವರಿಗಿಂತ ಕಾದು ನಿಲ್ಲುವವರಿಗೆ ಅದು ಸುಲಭವಾಗಿ ಸಿಗುತ್ತದೆ. ಎರಡನೆಯದು ಬಿಸಿಲಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟಿನ ವಿಜ್ಞಾನಿಗಳು ಟೆಕ್ಸಸ್ಸಿನ ಕಂದು ಟರಾಂಟುಲಾಗಳನ್ನು 15ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆಬೇರೆ ಉಷ್ಣತೆಯಲ್ಲಿ ಓಡಿಸಿ ಚಿತ್ರೀಕರಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬಿಸಿ ಏರಿದಂತೆ ಓಟದ ವೇಗ ಸುಮಾರು ಎರಡೂವರೆ ಪಟ್ಟು ಹೆಚ್ಚಿತು. ಆದರೆ ಕಾಲಿನ ಕೀಲುಗಳು ಒಂದಕ್ಕೊಂದು ಹೊಂದಿಕೊಂಡು ಚಲಿಸುವುದು ತಪ್ಪತೊಡಗಿತು. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಜೇಡ ಹೆಚ್ಚು ಚುರುಕು, ಅದರ ಹಿಡಿತವೂ ಕಡಿಮೆ. ಮುಂಜಾನೆಯ ತಂಪಿನಲ್ಲಿ ದಾಟಿಸುವುದು ಇಬ್ಬರಿಗೂ ಒಳ್ಳೆಯದು. ಹಾಗೆಂದು ಶಾಂತವಾಗಲಿ ಎಂದು ಫ್ರಿಜ್ಜಿನಲ್ಲಿಡುವ ಕ್ರಮ ಖಂಡಿತ ಬೇಡ.

ಎಂಟು ಕಣ್ಣುಗಳಿದ್ದರೂ ಟರಾಂಟುಲಾಕ್ಕೆ ದೃಷ್ಟಿ ಮಂದ. ಅದು ಲೋಕವನ್ನು ಅರಿಯುವುದು ಕಂಪನದಿಂದ. ಕಾಲಿನ ಹೊರಪದರದಲ್ಲಿರುವ ಅತಿ ಸಣ್ಣ ಸೀಳುಗಳು ನೆಲದ ನಡುಕವನ್ನು ಗುರುತಿಸುತ್ತವೆ. ನವಿರಾದ ರೋಮಗಳು ಗಾಳಿಯ ಅಲುಗಾಟವನ್ನು ಗುರುತಿಸುತ್ತವೆ. ಮೇಲಿನಿಂದ ಬೀಸಿ ಬರುವ ಗಾಳಿ ಅದರ ಪಾಲಿಗೆ ಶತ್ರುವಿನ ಸೂಚನೆ. ಮುಖ ಹತ್ತಿರ ತಂದು ನೋಡುವಾಗ ಬಿಟ್ಟ ಉಸಿರು, ತಿರುಗುತ್ತಿರುವ ಫ್ಯಾನು, ಧಡಕ್ಕನೆ ತೆಗೆದ ಮುಚ್ಚಳ, ಇಷ್ಟರಲ್ಲಿ ಯಾವುದಾದರೊಂದು ಸಾಕು, ಅದು ಬೆದರಿ ಓಡಲು.

ಯಾವ ಜೇಡ, ಯಾವ ಎಚ್ಚರಿಕೆ

ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಟರಾಂಟುಲಾಗಳಿವೆ. ಸಾಕುವವರು ಅವನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸುತ್ತಾರೆ: ಅಮೆರಿಕ ಖಂಡಗಳವು ಒಂದು ಬಗೆ, ಏಷ್ಯಾ, ಆಫ್ರಿಕಾದಂಥ ಕಡೆಯವು ಇನ್ನೊಂದು ಬಗೆ.

ಮೆಕ್ಸಿಕೋದ ಕೆಂಪು ಮೊಣಕಾಲಿನ ಜೇಡ, ಚಿಲಿಯ ಗುಲಾಬಿ ಜೇಡ ಮೊದಲ ಬಗೆಯವು. ಹೆಚ್ಚಿನವು ನಿಧಾನ ಸ್ವಭಾವದವು, ವಿಷವೂ ಸೌಮ್ಯ. ಆದರೆ ಅವುಗಳ ಹೊಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ, ಮುಳ್ಳಿರುವ ತುರಿಕೆ ರೋಮಗಳಿರುತ್ತವೆ. ಕೆಣಕಿದರೆ ಹಿಂಗಾಲಿನಿಂದ ಹೊಟ್ಟೆ ಉಜ್ಜಿ ಅವನ್ನು ಗಾಳಿಗೆ ತೂರುತ್ತವೆ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಸೇಂಟ್ ಜೇಮ್ಸ್ ವಿಶ್ವವಿದ್ಯಾಲಯ ಆಸ್ಪತ್ರೆಗೆ ಕೆಂಗಣ್ಣು, ನೀರು ಸುರಿತ, ಬೆಳಕು ಸಹಿಸಲಾಗದ ತೊಂದರೆ ಎಂದು ಒಬ್ಬರು ಬಂದರು. ಮೊದಲು ಕೊಟ್ಟ ಔಷಧಕ್ಕೆ ಗುಣ ಕಾಣಲಿಲ್ಲ. ಹೆಚ್ಚು ಹಿಗ್ಗಿಸುವ ಮಸೂರದಲ್ಲಿ ನೋಡಿದ ವೈದ್ಯರಿಗೆ ಕಣ್ಣಿನ ಪಾರದರ್ಶಕ ಪಟಲದಲ್ಲಿ ನಾಟಿಕೊಂಡ ಕೂದಲಿನಂಥ ಎಳೆಗಳು ಕಂಡವು. ಆಗ ರೋಗಿಗೆ ನೆನಪಾಯಿತು: ಕೆಲವು ವಾರಗಳ ಹಿಂದೆ ತನ್ನ ಚಿಲಿ ಜೇಡದ ಪೆಟ್ಟಿಗೆಯ ಗಾಜಿನ ಕಲೆ ಉಜ್ಜುತ್ತಿದ್ದಾಗ ಜೇಡ ರೋಮದ ಮಂಜನ್ನೇ ಮುಖಕ್ಕೆ ತೂರಿತ್ತು. ಆ ರೋಮಗಳು ಚಿಮುಟದಲ್ಲಿ ತೆಗೆಯಲಾಗದಷ್ಟು ಸಣ್ಣವು. ಸ್ಟೀರಾಯ್ಡ್ ಹನಿಗಳಿಂದ ಚಿಕಿತ್ಸೆ ನಡೆಯಿತು. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವೈದ್ಯರು ಪ್ರಕರಣವನ್ನು ವಿವರಿಸಿ, ಇಂಥ ಜೇಡ ಸಾಕುವವರು ಕಣ್ಣಿಗೆ ರಕ್ಷಣೆ ಹಾಕಿಕೊಳ್ಳಬೇಕೆಂದು ಸಲಹೆ ಕೊಟ್ಟರು. ಪೆಟ್ಟಿಗೆ ಬದಲಿಸುವಾಗ ಕನ್ನಡಕದಂಥ ಗಾಗಲ್, ಕೈಗವಸು, ತುಂಬುತೋಳಿನ ಅಂಗಿ ಬೇಕೆನ್ನುವುದು ಇದಕ್ಕೇ.

ನಮ್ಮ ನಾಡಿನ ಟರಾಂಟುಲಾಗಳು ಎರಡನೆಯ ಬಗೆಯವು. ತುರಿಕೆ ರೋಮವಿಲ್ಲ; ಬದಲಿಗೆ ವೇಗವಿದೆ, ಬಲವಾದ ವಿಷವಿದೆ. ಮರದ ಪೊಟರೆಗಳಲ್ಲಿ ಬದುಕುವ ಪೀಸಿಲೊಥೀರಿಯಾ ಕುಲ ಭಾರತ ಮತ್ತು ಶ್ರೀಲಂಕಾದ್ದು. ಅದರಲ್ಲಿ ಪೋಕಾಕ್ 1895ರಲ್ಲಿ ವಿವರಿಸಿದ ಒಂದು ಜಾತಿ ಜಗತ್ತಿನ ಜೇಡಪ್ರಿಯರಲ್ಲಿ 'ಮೈಸೂರು ಆರ್ನಮೆಂಟಲ್' ಎಂದೇ ಪರಿಚಿತ. ಪಶ್ಚಿಮಘಟ್ಟದ ಮಣ್ಣಿನ ದರೆಗಳಲ್ಲಿ ಬಿಲ ತೋಡುವ ಥ್ರಿಗ್ಮೋಪಿಯಸ್ ಕುಲದ ಜೇಡಗಳೂ ಕರ್ನಾಟಕದವೇ. ಟರಾಂಟುಲಾ ಕಚ್ಚಿ ಮನುಷ್ಯ ಸತ್ತದ್ದು ದೃಢಪಟ್ಟ ದಾಖಲೆಯಿಲ್ಲ. ಆದರೂ ಪೀಸಿಲೊಥೀರಿಯಾ ಕಡಿತವನ್ನು ಹಗುರವಾಗಿ ಕಾಣುವಂತಿಲ್ಲ: 2014ರಲ್ಲಿ 'ಟಾಕ್ಸಿಕಾನ್' ಪತ್ರಿಕೆಯಲ್ಲಿ ಬಂದ ವಿಮರ್ಶೆಯ ಪ್ರಕಾರ ಕಚ್ಚಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೀವ್ರ ಸ್ನಾಯುಸೆಳೆತ ಬಂದಿತ್ತು, ಅದೂ ಕಚ್ಚಿ ಹಲವು ಗಂಟೆಗಳಾದ ಮೇಲೆ.

ಇವನ್ನು ಸಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. 2019ರಿಂದ ಪೀಸಿಲೊಥೀರಿಯಾ ಕುಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಮೆಕ್ಸಿಕೋದ ಬ್ರಾಕಿಪೆಲ್ಮಾ ಕುಲ 1994ರಿಂದಲೇ ಇದೆ. ಭಾರತದ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಆ ಒಪ್ಪಂದದ ಜೀವಿಗಳನ್ನು ನಾಲ್ಕನೆಯ ಅನುಸೂಚಿಗೆ ತಂದಿತು. ಅಂಥ ಪ್ರಾಣಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಡಿನಿಂದ ಹಿಡಿದು ತಂದ ಜೇಡವನ್ನೂ ಕಾಗದಪತ್ರವಿಲ್ಲದೆ ಮಾರುವ ಜೇಡವನ್ನೂ ಯಾರೂ ಮನೆಗೆ ತರಬಾರದು. ಮುಂದೆ ಹೇಳುವುದೆಲ್ಲ ಕಾನೂನಿನಂತೆ ಮನೆಯಲ್ಲಿರುವ ಜೇಡಗಳ ಮಾತು.

ಕಾಯಬೇಕಾದ ದಿನಗಳು

ಪೆಟ್ಟಿಗೆ ಬದಲಿಸಲು ಎಲ್ಲ ದಿನವೂ ಒಳ್ಳೆಯ ದಿನವಲ್ಲ. ಟರಾಂಟುಲಾ ಬೆಳೆಯುವುದು ಪೊರೆ ಕಳಚಿ. ಮರಿಗಳು ಪದೇಪದೇ ಕಳಚುತ್ತವೆ, ಬೆಳೆದವು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಪೊರೆ ಬಿಡುವ ಕಾಲ ಹತ್ತಿರ ಬಂದಾಗ ಜೇಡ ಊಟ ಬಿಡುತ್ತದೆ, ಮಂಕಾಗುತ್ತದೆ, ಹೊಟ್ಟೆಯ ಬೋಳು ಜಾಗ ಕಪ್ಪಾಗಿ ಮಿನುಗುತ್ತದೆ. ನೆಲಕ್ಕೆ ರೇಷ್ಮೆಯ ಚಾಪೆ ಹಾಸಿ, ಅದರ ಮೇಲೆ ಅಂಗಾತ ಮಲಗುತ್ತದೆ. ಹಾಗೆ ಮಲಗಿದ್ದನ್ನು ಕಂಡು ಸತ್ತಿತೆಂದು ಅಲುಗಾಡಿಸಿದವರಿದ್ದಾರೆ. ಆ ಹೊತ್ತಿನಲ್ಲಿ ಮುಟ್ಟಿದರೆ ನಿಜವಾಗಿಯೂ ಸಾಯಬಹುದು.

ಗಂಟೆಗಟ್ಟಲೆ ನಡೆಯುವ ಈ ಕೆಲಸದಲ್ಲಿ ಹೊರಚಿಪ್ಪಷ್ಟೇ ಹೋಗುವುದಿಲ್ಲ. ಕೋರೆಹಲ್ಲು, ಶ್ವಾಸಕೋಶದ ಒಳಪದರ, ಆಹಾರ ಹೀರುವ ಜಠರದ ಒಳಪದರವೂ ಕಳಚಿ ಬರುತ್ತವೆ. ಹೊಸ ಕೋರೆಹಲ್ಲು ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ, ಕೊನೆಗೆ ಕಪ್ಪಗೆ. ಹಲ್ಲು ಕಪ್ಪಾದರೆ ಮೈ ಗಟ್ಟಿಯಾಗಿದೆ ಎಂದರ್ಥ. ದೊಡ್ಡ ಜೇಡಕ್ಕೆ ಇದಕ್ಕೆ ಒಂದೆರಡು ವಾರ ಬೇಕು. ಪೊರೆ ಬಿಡುವ ಲಕ್ಷಣ ಕಂಡಾಗಿನಿಂದ ಹಲ್ಲು ಕಪ್ಪಾಗುವ ತನಕ ಜೇಡವನ್ನು ಇದ್ದಲ್ಲೇ ಬಿಡಬೇಕು. ಮನೆ ಖಾಲಿ ಮಾಡುವ ದಿನ ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಮುಂಚೆಯೇ ಲೆಕ್ಕ ಹಾಕಿಕೊಳ್ಳಬೇಕು. ಮೊಟ್ಟೆಚೀಲ ಕಾಯುತ್ತಿರುವ ತಾಯಿಗೂ ಇದೇ ನಿಯಮ.

ಹೊಸ ಮನೆ ಮೊದಲು

ಜೇಡ ಕೈಗೆ ಬರುವ ಮುನ್ನ ಹೊಸ ಪೆಟ್ಟಿಗೆ ಪೂರ್ತಿ ಸಿದ್ಧವಿರಬೇಕು. ನೆಲದ ಮೇಲೆ ಬದುಕುವ ಜಾತಿಗೆ ಅಗಲ ಮುಖ್ಯ. ಕಾಲು ಚಾಚಿದ ಜೇಡದ ಮೂರು ನಾಲ್ಕು ಪಟ್ಟು ಅಗಲ ಸಾಕು. ಎತ್ತರ ಮಾತ್ರ ಕಡಿಮೆಯಿರಲಿ: ಮಣ್ಣಿನಿಂದ ಮುಚ್ಚಳಕ್ಕೆ ಜೇಡದ ಕಾಲಳತೆಯ ಒಂದೂವರೆ ಪಟ್ಟು ಮೀರದಿದ್ದರೆ ಬಿದ್ದರೂ ಹೊಟ್ಟೆ ಒಡೆಯುವ ಭಯ ಕಡಿಮೆ. ಗಾಜಿನ ಮೇಲೆ ಅದು ಹತ್ತುವುದೇ ಇಲ್ಲ ಎಂದು ನಂಬಬಾರದು. 2011ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕ್ಲೇರ್ ರಿಂಡ್ ಮತ್ತು ಸಂಗಡಿಗರು ಟರಾಂಟುಲಾಗಳನ್ನು ಗಾಜಿನ ಮೇಲೆ ನಿಲ್ಲಿಸಿ, ಪೆಟ್ಟಿಗೆಯನ್ನು ಲಂಬವಾಗಿ ಓರೆಮಾಡಿ ಅಲುಗಿಸಿದರು. ಜೇಡಗಳು ಒಂದಿಷ್ಟು ಜಾರಿ ಮತ್ತೆ ಹಿಡಿತ ಸಾಧಿಸಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಜಿನ ಮೇಲೆ ನವಿರು ರೇಷ್ಮೆ ಎಳೆಗಳಿದ್ದವು. ಅವು ಪಾದದಿಂದಲೇ ಬಂದವು ಎಂಬ ಅವರ ವಾದವನ್ನು ಒಪ್ಪದ ವಿಜ್ಞಾನಿಗಳಿದ್ದಾರೆ. ದಪ್ಪ ಟರಾಂಟುಲಾ ನುಣುಪು ಗೋಡೆ ಹತ್ತುತ್ತದೆ, ಕೆಲವೊಮ್ಮೆ ಬೀಳುತ್ತದೆ ಎನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಮರದ ಮೇಲಿನ ಜಾತಿಗೆ ಲೆಕ್ಕ ತಿರುಗುಮುರುಗು: ಎತ್ತರದ ಪೆಟ್ಟಿಗೆ, ಓರೆಯಾಗಿ ನಿಲ್ಲಿಸಿದ ತೊಗಟೆ.

ಹಾಸಿಗೆಗೆ ಗೊಬ್ಬರ ಬೆರೆಸದ ಕೋಕೊಪೀಟ್ ಒಳ್ಳೆಯದು. ಸಿದ್ದಾಪುರದ, ಲಾಲ್‌ಬಾಗಿನ ಸುತ್ತಲಿನ ನರ್ಸರಿಗಳಲ್ಲಿ ಇಟ್ಟಿಗೆ ರೂಪದಲ್ಲಿ ಸಿಗುತ್ತದೆ. ನೆನೆಸಿ, ಉಪ್ಪಿನಂಶ ಹೋಗುವಂತೆ ಒಂದೆರಡು ಸಲ ತೊಳೆದು, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಿ ತುಂಬಬೇಕು. ಬಿಲ ತೋಡುವ ಜಾತಿಗೆ ಇದು ಗೇಣುದ್ದ ಆಳವಿರಲಿ. ಅಡಗಲು ಮರದ ತೊಗಟೆಯೋ ಒಡೆದ ಹೂಕುಂಡದ ಚೂರೋ ಸಾಕು; ಚೂಪಾದ ಅಂಚನ್ನು ಉಜ್ಜಿ ಮೊಂಡು ಮಾಡಿರಬೇಕು. ನೀರಿಗೆ ತಗ್ಗಿನ ಬಟ್ಟಲು. ಗಾಳಿಯ ತೂತುಗಳು ಎದುರುಬದುರು ಗೋಡೆಗಳಲ್ಲಿರಲಿ. ಕಬ್ಬಿಣದ ಜಾಲರಿ ಮುಚ್ಚಳ ಬೇಡ: ಪಾದದ ಸಣ್ಣ ಉಗುರು ಜಾಲರಿಗೆ ಸಿಕ್ಕಿಕೊಂಡು ಜೇಡ ನೇತಾಡಿ ಕಾಲು ಕಳೆದುಕೊಳ್ಳಬಹುದು.

ಅಕ್ರಿಲಿಕ್ ಶೀಟು ಕತ್ತರಿಸಿ ಪೆಟ್ಟಿಗೆ ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ಹಾಳೆಗಳನ್ನು ಅಂಟಿಸಲು ಕ್ಲೋರೋಫಾರಂನಂಥ ದ್ರಾವಕ ಬಳಸುತ್ತಾರೆ. ಗಾಜಿನ ಪೆಟ್ಟಿಗೆಯ ಸಿಲಿಕೋನ್ ಅಂಟು ಒಣಗುವಾಗ ವಿನೆಗರ್ ವಾಸನೆ ಬಿಡುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಯನ್ನು ಗಾಳಿಗಿಡಬೇಕು. ಬೆಂಗಳೂರಿನ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಸೊಳ್ಳೆಮದ್ದಿನದು. ಗೋಡೆಗೆ ಸಿಕ್ಕಿಸುವ ದ್ರವ, ಜಿರಳೆ ಚಾಕ್, ಸ್ಪ್ರೇ, ಬೀದಿಯಲ್ಲಿ ಬಿಡುವ ಸೊಳ್ಳೆಹೊಗೆ ಬಹುಪಾಲು ಪೈರೆಥ್ರಾಯ್ಡ್ ಜಾತಿಯ ವಿಷಗಳು. ಅವು ಕೀಟದ ನರಕ್ಕೆ ಏನು ಮಾಡುತ್ತವೆಯೋ ಜೇಡದ ನರಕ್ಕೂ ಅದನ್ನೇ ಮಾಡುತ್ತವೆ. ಹೊಸ ಮನೆಗೆ ಹೋಗುವ ಮುನ್ನ ಜಿರಳೆಗೆ ಔಷಧ ಹೊಡೆಸುವುದು ನಮ್ಮಲ್ಲಿ ರೂಢಿ. ಜೇಡವಿರುವ ಕೋಣೆಯನ್ನು ಅದರಿಂದ ಹೊರಗಿಡಬೇಕು.

ಒಂದು ಡಬ್ಬಿ, ಒಂದು ರಟ್ಟು, ಒಂದು ಬ್ರಷ್ಷು

ಬೇಕಾದ ಸಲಕರಣೆ ಇಷ್ಟೆ: ಜೇಡ ಕಾಲು ಚಾಚಿ ಕೂರುವಷ್ಟು ಅಗಲದ ಪಾರದರ್ಶಕ ಡಬ್ಬಿ, ಅದರ ಬಾಯಿ ಮುಚ್ಚುವ ಗಟ್ಟಿ ರಟ್ಟು, ಮಕ್ಕಳು ಚಿತ್ರ ಬರೆಯುವ ಮೆತ್ತನೆ ಬ್ರಷ್ಷು, ಒಂದಡಿ ಉದ್ದದ ಚಿಮುಟ. ಚಿಮುಟ ಜೇಡವನ್ನು ಹಿಡಿಯಲಿಕ್ಕಲ್ಲ, ತೊಗಟೆ, ಬಟ್ಟಲು ಎತ್ತಲು.

ದಾಟಿಸುವ ಹಿಂದಿನ ದಿನ ಊಟ ಹಾಕಬಾರದು. ತಿನ್ನದೆ ಉಳಿದ ಹುಳುಗಳನ್ನು ತೆಗೆಯಬೇಕು. ಆ ದಿನ ಬಾಗಿಲು, ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ಫ್ಯಾನ್ ಆರಿಸಬೇಕು. ಬೆಕ್ಕು, ನಾಯಿ, ಚಿಕ್ಕಮಕ್ಕಳು ಹೊರಗೆ. ಕೆಲಸ ಮೇಜಿನ ಮೇಲಲ್ಲ, ನೆಲದ ಮೇಲೆ ನಡೆಯಬೇಕು. ಹಳೆಯ, ಹೊಸ ಪೆಟ್ಟಿಗೆಗಳೆರಡನ್ನೂ ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ಅಕ್ಕಪಕ್ಕ ಇಟ್ಟರೆ ಜೇಡ ಓಡಿದರೂ ಟಬ್ಬು ಅದನ್ನು ಕೊಂಚ ಹೊತ್ತು ತಡೆಯುತ್ತದೆ. ಜೊತೆಗೊಬ್ಬರಿದ್ದರೆ ಮುಚ್ಚಳ ಹಿಡಿಯುವ ಕೆಲಸ ಅವರದು.

ಮುಚ್ಚಳ ಮೆಲ್ಲಗೆ ತೆಗೆದು, ಬ್ರಷ್ಷಿನ ತುದಿಯಿಂದ ಹಿಂಗಾಲನ್ನು ಒಮ್ಮೆ ಸೋಕಬೇಕು. ಹೆಜ್ಜೆ ಮುಂದಿಟ್ಟರೆ ಕೆಲಸ ಸಾಗುತ್ತದೆ. ಮುಂಗಾಲೆತ್ತಿ ಕೋರೆಹಲ್ಲು ತೋರಿಸಿದರೆ ಮುಚ್ಚಳ ಮುಚ್ಚಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ನೋಡಬೇಕು. ಶಾಂತವಾಗಿದ್ದಾಗ ಡಬ್ಬಿಯನ್ನು ಮೇಲಿನಿಂದ ಕವುಚಿ, ಒಂದು ಅಂಚು ಕೊಂಚ ಎತ್ತಿ ರಟ್ಟನ್ನು ಬಹಳ ನಿಧಾನವಾಗಿ ಒಳಗೆ ಸರಿಸಬೇಕು. ಪ್ರತಿ ಕಾಲೂ ಎತ್ತಿ ರಟ್ಟಿನ ಮೇಲೆ ಇಡುವವರೆಗೆ ಕಾಯಬೇಕು. ಕಾಲು ಅಂಚಿಗೆ ಸಿಕ್ಕರೆ ಅದನ್ನು ಕಳಚಿ ಬಿಟ್ಟುಕೊಡುವ ಶಕ್ತಿ ಜೇಡಕ್ಕಿದೆ. ಮುಂದಿನ ಪೊರೆಗಳಲ್ಲಿ ಅದು ಮತ್ತೆ ಬೆಳೆಯುತ್ತದೆ. ಬೆಳೆಯುತ್ತದೆಂದು ಅವಸರಪಡುವುದು ತಪ್ಪು.

ಡಬ್ಬಿಯನ್ನು ಹೊಸ ಪೆಟ್ಟಿಗೆಯೊಳಗೆ, ಅಡಗುತಾಣದ ಬಾಯಿಗೆದುರಾಗಿ ಓರೆಯಾಗಿಟ್ಟು ರಟ್ಟು ತೆಗೆದರೆ ಮುಗಿಯಿತು. ಟರಾಂಟುಲಾ ಕತ್ತಲನ್ನೂ ಇಕ್ಕಟ್ಟನ್ನೂ ಹುಡುಕಿಕೊಂಡು ಹೋಗುವ ಜೀವಿ, ದೂಡಬೇಕಿಲ್ಲ. ಹೊರಬರದಿದ್ದರೆ ಡಬ್ಬಿಯನ್ನು ಅಲ್ಲೇ ಬಿಟ್ಟು ಮುಚ್ಚಳ ಹಾಕಿ, ಮರುದಿನ ಬೆಳಿಗ್ಗೆ ನೋಡಿದರಾಯಿತು.

ಬಿಲದೊಳಗಿರುವ ಜೇಡ ಡಬ್ಬಿಗೆ ಸಿಗುವುದಿಲ್ಲ. ತಳ ಕತ್ತರಿಸಿದ ನೀರಿನ ಬಾಟಲಿಯ ಅಗಲದ ಬಾಯಿಯನ್ನು ಬಿಲದ ಬಾಯಿಗೆ ಹೊಂದಿಸಿಟ್ಟು, ಹಿಂದಿನಿಂದ ಚಮಚದಲ್ಲಿ ಹಾಸಿಗೆ ಸಡಿಲಿಸುತ್ತ ಬಂದರೆ ಅದು ತಾನಾಗಿಯೇ ಬಾಟಲಿಗೆ ಬರುತ್ತದೆ. ತೊಗಟೆಯ ಕೊಳವೆಯಲ್ಲಿ ಕೂತ ಮರಜೇಡವನ್ನು ಎಬ್ಬಿಸುವುದೇ ಬೇಡ. ಕೊಳವೆಯ ಎರಡೂ ಬಾಯಿ ಮೆತ್ತನೆ ಬಟ್ಟೆಯಿಂದ ಮುಚ್ಚಿ, ಕೊಳವೆ ಸಮೇತ ಹೊಸ ಪೆಟ್ಟಿಗೆಗೆ ಇಡಬಹುದು. ಪೀಸಿಲೊಥೀರಿಯಾದಂಥ ಮಿಂಚುವೇಗದ ಜೇಡಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಎಲ್ಲ ಎಚ್ಚರಿಕೆಯ ನಡುವೆಯೂ ಓಡಿತೆಂದರೆ ಕೈಹಾಕಬಾರದು. ನಿಂತಲ್ಲೇ ನಿಂತರೆ ಅದು ದಣಿದು ಗೋಡೆ ಮೂಲೆಯಲ್ಲಿ ಕೂರುತ್ತದೆ. ಆಗ ಡಬ್ಬಿ ಕವುಚಬೇಕು. ಕಾಲಿಗೆ ಗಾಯವಾಗಿ ತಿಳಿನೀಲಿ ದ್ರವ ಜಿನುಗಿದರೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ನಿಲ್ಲಿಸಬಹುದು. ಜೇಡದ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವ ಹೀಮೋಸಯಾನಿನ್ ಇರುವುದರಿಂದ ಆ ನೀಲಿ. ಹೊಟ್ಟೆಗೆ ಪೆಟ್ಟಾದರೆ ಮನೆಮದ್ದಿನ ಮಾತಿಲ್ಲ, ವಿದೇಶಿ ಸಾಕುಪ್ರಾಣಿ ನೋಡುವ ಪಶುವೈದ್ಯರಲ್ಲಿಗೆ ಹೋಗಬೇಕು. ಮನುಷ್ಯರಿಗೆ ಕಚ್ಚಿದರೆ ಸೋಪಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು, ಜಾತಿಯ ಹೆಸರು ಹೇಳಬೇಕು.

ಮನೆ ಬದಲಿಸಿದ ಮೇಲೆ

ಬಡಾವಣೆಯಿಂದ ಬಡಾವಣೆಗೆ ಹೋಗುವಾಗ ಜೇಡವನ್ನು ದೊಡ್ಡ ಪೆಟ್ಟಿಗೆಯಲ್ಲೇ ಟೆಂಪೋಗೆ ಹೇರಬಾರದು. ರಸ್ತೆಯ ಒಂದೊಂದು ಹಂಪಿಗೂ ಒಳಗಿನ ತೊಗಟೆ, ಬಟ್ಟಲು, ಹಾಸಿಗೆ ಉರುಳಿ ಅದರ ಮೇಲೆ ಬೀಳುತ್ತವೆ. ಗಾಳಿತೂತಿರುವ ಪುಟ್ಟ ಡಬ್ಬಿಗೆ ಒದ್ದೆ ಟಿಶ್ಯೂ ಹಾಸಿ, ಜೇಡ ಅಲುಗದಂತೆ ಸಡಿಲವಾಗಿ ಒಣ ಟಿಶ್ಯೂ ತುಂಬಿ, ತೊಡೆಯ ಮೇಲೋ ಸೀಟಿನ ಕೆಳಗೋ ಇಟ್ಟುಕೊಂಡು ಹೋಗಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಸಾಯಬಹುದು.

ಹೊಸ ಪೆಟ್ಟಿಗೆಗೆ ಬಂದ ಜೇಡ ಮೊದಲ ದಿನಗಳಲ್ಲಿ ಗೋಡೆಗೆ ಅಂಟಿಕೊಂಡು ಕೂರುವುದು, ಕಾಲುಗಳನ್ನು ಮೈಗೊತ್ತಿಕೊಂಡು ಮೂಲೆ ಸೇರುವುದು ಸಾಮಾನ್ಯ. ಬಹುಶಃ ಹಾಸಿಗೆ ಹೆಚ್ಚು ಒದ್ದೆಯಿರಬಹುದು, ಇಲ್ಲವೇ ಇನ್ನೂ ಜಾಗ ಹೊಂದಿಲ್ಲ. ನೀರು ತುಂಬಿ, ಒಂದು ವಾರ ಊಟ ಹಾಕದೆ, ಪೆಟ್ಟಿಗೆ ಮುಟ್ಟದೆ ಬಿಡಬೇಕು. ನೆಲಕ್ಕೆ ರೇಷ್ಮೆ ಹಾಸಲು ಶುರುಮಾಡಿದರೆ ಜಾಗ ಒಪ್ಪಿಗೆಯಾಯಿತೆಂದು ತಿಳಿಯಬಹುದು. ಬೆಂಗಳೂರಿನ ಹವೆಗೆ ಹೀಟರು ಬೇಕಾಗುವುದು ಅಪರೂಪ. ಮಳೆಗಾಲದಲ್ಲಿ ಬೂಷ್ಟು ಬಾರದಂತೆ ಗಾಳಿಯಾಡಿಸುವುದು ಹೆಚ್ಚು ಮುಖ್ಯ.

ಕೊನೆಯದಾಗಿ, ಸಾಕಲಾಗದ ಸ್ಥಿತಿ ಬಂದವರಿಗೆ ಒಂದು ಮಾತು. ಬಿಳೇಕಹಳ್ಳಿಯಿಂದ ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಅಲ್ಲಿ ಬಿಟ್ಟರೆ ಹಾಯಾಗಿ ಬದುಕೀತು ಎಂದು ದಯವಿಟ್ಟು ಯೋಚಿಸಬೇಡಿ. ಹೊರಗಿನ ಜೇಡ ಹೊಸ ಕಾಡಿನಲ್ಲಿ ಸಾಯಬಹುದು. ಸಾಯದೆ ನೆಲೆಯೂರಿದರೆ ತೊಂದರೆ ಇನ್ನೂ ದೊಡ್ಡದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕೆಂಪು ಹಿಂಭಾಗದ ಟರಾಂಟುಲಾ ಅಮೆರಿಕದ ಫ್ಲಾರಿಡಾದ ಕಿತ್ತಳೆ ತೋಟಗಳಲ್ಲಿ ಬೇರೂರಿದೆ. ಅನುಭವವಿರುವ, ಕಾಗದಪತ್ರ ಸರಿಯಿರುವ ಇನ್ನೊಬ್ಬರಿಗೆ ಜೇಡವನ್ನು ದಾಟಿಸಿ. ನೋಂದಣಿ ಬೇಕಾದ ಜಾತಿಯಾದರೆ ಹಸ್ತಾಂತರವನ್ನೂ ನಿಯಮದಂತೆ ದಾಖಲಿಸಿ. ಯಾರೂ ಸಿಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.